ಟ್ಯಾಬ್ಲೆಟ್‌ನಲ್ಲಿ ಮಿಡಿ ಟ್ರ್ಯಾಕ್ ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಾರದಲ್ಲಿ ನಾಲ್ಕು ದಿನ ಕೀಬೋರ್ಡ್ ಪಾಠ ಹೇಳುತ್ತೇನೆ, ಉಳಿದ ದಿನ ಸುಗಮ ಸಂಗೀತದ ಕಾರ್ಯಕ್ರಮಗಳಿಗೆ ನುಡಿಸಲು ಹೋಗುತ್ತೇನೆ. ಕೆಲವು ವರ್ಷಗಳಿಂದ ಕಂಪ್ಯೂಟರ್ ಬದಿಗಿಟ್ಟು ಟ್ಯಾಬ್ಲೆಟ್‌ನಲ್ಲೇ ಹಾಡಿನ ಟ್ರ್ಯಾಕ್, ಅಂದರೆ ಒಂದೊಂದು ವಾದ್ಯದ ದಾಖಲೆ, ಮಾಡಿಕೊಳ್ಳುತ್ತಿದ್ದೇನೆ. ಪಾಠಕ್ಕೆ ಬರುವವರು, ತಂಡದವರು ಮತ್ತೆ ಮತ್ತೆ ಕೇಳಿದ್ದನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನ ಉದಾಹರಣೆ ಐಪ್ಯಾಡ್‌ನ ಗ್ಯಾರೇಜ್‌ಬ್ಯಾಂಡ್ ಆಪ್‌ನದು. ಅದು ಪುಕ್ಕಟೆ ಸಿಗುತ್ತದೆ, ಮೊದಲು ಎಲ್ಲರೂ ಹಿಡಿಯುವುದೂ ಅದನ್ನೇ.

ಮಿಡಿ ಅಂದರೆ ಎಂಪಿ3 ತರಹ ಹಾಡಿನ ಫೈಲ್ ಅಲ್ವಾ?

ಅಲ್ಲ. ಮಿಡಿಯಲ್ಲಿ ಸದ್ದೇ ಇರುವುದಿಲ್ಲ. ಕೀಬೋರ್ಡಿನ ಯಾವ ಮನೆ (ಕೀ) ಒತ್ತಿದಿರಿ, ಯಾವಾಗ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ, ಇಷ್ಟೇ ಅದರಲ್ಲಿರುವುದು. ಸದ್ದು ಮಾಡುವುದು ಆಪ್‌ನೊಳಗಿನ ವಾದ್ಯ. ಸ್ವರಲಿಪಿ ಬರೆದ ಪುಸ್ತಕ ಹಾಡುವುದಿಲ್ಲ, ಅದನ್ನು ನೋಡಿ ಯಾರೋ ಹಾಡಬೇಕು. ಹಾಗೇ ಇದು.

ಅದಕ್ಕೇ ಮಿಡಿ ಫೈಲ್ ತೀರ ಚಿಕ್ಕದು. ಸಿಡಿ ಗುಣಮಟ್ಟದ ಸ್ಟೀರಿಯೋ ಆಡಿಯೋ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಇಡೀ ಹಾಡಿನ ಮಿಡಿ ಸಾಮಾನ್ಯವಾಗಿ ಕೆಲವು ಹತ್ತು ಕೆಬಿ. ತಿದ್ದಲು ಸುಲಭವಾಗಿರುವುದೂ ಅದಕ್ಕೇ. ಹಾಡಿದ್ದರಲ್ಲಿ ಒಂದು ಸ್ವರ ಅಪಸ್ವರ ಬಂದರೆ ಮತ್ತೆ ಹಾಡಬೇಕು. ಮಿಡಿಯಲ್ಲಿ ಆ ಒಂದು ಸ್ವರವನ್ನು ಬೆರಳಲ್ಲಿ ಮೇಲಕ್ಕೋ ಕೆಳಕ್ಕೋ ಎಳೆದರೆ ಮುಗಿಯಿತು.

ಇದು ನಿನ್ನೆ ಮೊನ್ನೆಯದಲ್ಲ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600, ರೋಲ್ಯಾಂಡ್‌ನ ಜೂಪಿಟರ್-6 ಎಂಬ ಎರಡು ಸಿಂಥಸೈಜರ್ ಕೀಬೋರ್ಡ್‌ಗಳನ್ನು ಒಂದು ಕೇಬಲ್‌ನಲ್ಲಿ ಜೋಡಿಸಿ ತೋರಿಸಿದರು. ಒಂದರಲ್ಲಿ ನುಡಿಸಿದ್ದು ಇನ್ನೊಂದರಲ್ಲೂ ಕೇಳಿಸಿತು. ನಿಮ್ಮ ಟ್ಯಾಬ್ಲೆಟ್‌ನೊಳಗೆ ಇವತ್ತು ಓಡುವುದೂ ಬಹುಪಾಲು ಅದೇ ಭಾಷೆ.

ಯಾವ ಆಪ್ ಹಾಕಿಕೊಳ್ಳಲಿ?

ಐಪ್ಯಾಡ್ ಇದ್ದರೆ ಗ್ಯಾರೇಜ್‌ಬ್ಯಾಂಡ್‌ನಿಂದ ಶುರು ಮಾಡಿ. ಆಂಡ್ರಾಯ್ಡ್ ಇದ್ದರೆ ಎಫ್ಎಲ್ ಸ್ಟುಡಿಯೋ ಮೊಬೈಲ್ ಅಥವಾ ಕ್ಯೂಬೇಸಿಸ್ ನೋಡಿ, ಎರಡಕ್ಕೂ ದುಡ್ಡು ಕೊಡಬೇಕು. ಬ್ಯಾಂಡ್‌ಲ್ಯಾಬ್ ಪುಕ್ಕಟೆ, ಕೈ ಪಳಗಿಸಲು ಸಾಕು. ಐಪ್ಯಾಡ್‌ಗೆ 2023ರ ಮೇನಲ್ಲಿ ಲಾಜಿಕ್ ಪ್ರೊ ಕೂಡ ಬಂತು. ಅದು ತಿಂಗಳ ಅಥವಾ ವರ್ಷದ ಚಂದಾ, ಹೊಸಬರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಒಂದು ಆಪ್‌ನಲ್ಲಿ ಮೂರು ಹಾಡು ಪೂರ್ತಿ ಮುಗಿಸುವ ತನಕ ಇನ್ನೊಂದನ್ನು ಇಳಿಸಬೇಡಿ. ಆಪ್ ಬದಲಿಸುತ್ತಾ ಕಾಲ ಕಳೆದವರನ್ನು ತುಂಬಾ ನೋಡಿದ್ದೇನೆ, ಹಾಡು ಮುಗಿಸಿದವರನ್ನು ಕಡಿಮೆ.

ನನ್ನ ಕೀಬೋರ್ಡನ್ನು ಟ್ಯಾಬ್ಲೆಟ್‌ಗೆ ಹೇಗೆ ಜೋಡಿಸುವುದು?

ಕೀಬೋರ್ಡ್ ಹಿಂದೆ 'ಯುಎಸ್‌ಬಿ ಟು ಹೋಸ್ಟ್' ಅಂತ ಬರೆದಿದೆಯೇ ನೋಡಿ. ಅಲ್ಲಿಗೆ ಪ್ರಿಂಟರ್‌ಗೆ ಹಾಕುವ ಚೌಕ ಬಾಯಿಯ ಕೇಬಲ್ ಸಾಕು. ಟ್ಯಾಬ್ಲೆಟ್ ಕಡೆಗೆ ಸಿ ಟೈಪ್ ಆದರೆ ಒಂದು ಓಟಿಜಿ ಅಡಾಪ್ಟರ್. ಹಳೆಯ ಲೈಟ್ನಿಂಗ್ ಐಪ್ಯಾಡ್ ಆದರೆ ಕ್ಯಾಮೆರಾ ಅಡಾಪ್ಟರ್. ಆಂಡ್ರಾಯ್ಡ್‌ನಲ್ಲಿ 6.0 ಅಥವಾ ಅದಕ್ಕಿಂತ ಮೇಲಿನ ಆವೃತ್ತಿ ಇದ್ದರೆ ಒಳ್ಳೆಯದು, ಮಿಡಿ ಸೌಲಭ್ಯ ಸಿಸ್ಟಮ್‌ನೊಳಗೇ ಬಂದದ್ದು ಅಲ್ಲಿಂದ.

ಕೀಬೋರ್ಡ್‌ಗೆ ಬೇರೆ ಕರೆಂಟ್ ಇಲ್ಲದೆ ಟ್ಯಾಬ್ಲೆಟ್‌ನಿಂದಲೇ ಓಡುವಂಥದ್ದಾದರೆ ಕೆಲವೊಮ್ಮೆ 'ಈ ಸಾಧನಕ್ಕೆ ಜಾಸ್ತಿ ವಿದ್ಯುತ್ ಬೇಕು' ಎಂಬ ಸಂದೇಶ ಬರುತ್ತದೆ. ಆಗ ಚಾರ್ಜರ್ ಹಾಕುವ ಜಾಗವಿರುವ ಅಡಾಪ್ಟರ್ ತಗೊಳ್ಳಿ.

ಒಂದು ಮನೆ ಒತ್ತಿದರೆ ಎರಡು ಸದ್ದು ಕೇಳಿಸುತ್ತದೆ. ಕೀಬೋರ್ಡ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಕೀಬೋರ್ಡ್ ತನ್ನ ಸದ್ದು ತಾನು ಮಾಡುತ್ತಿದೆ, ಟ್ಯಾಬ್ಲೆಟ್ ತನ್ನದು ಮಾಡುತ್ತಿದೆ. ಕೀಬೋರ್ಡಿನ ಮೆನುವಿನಲ್ಲಿ 'ಲೋಕಲ್' ಎಂಬುದನ್ನು ಆಫ್ ಮಾಡಿ. ಸಿಗದಿದ್ದರೆ ಕೀಬೋರ್ಡಿನ ವಾಲ್ಯೂಮ್ ಸೊನ್ನೆಗೆ ಇಳಿಸಿ, ಅಷ್ಟೇ.

ಇದರ ಅಣ್ಣನಂಥ ಇನ್ನೊಂದು ತೊಂದರೆ ಇದೆ. ಎಡಗೈಯಲ್ಲಿ ಸ್ಟೈಲ್ (ಕೀಬೋರ್ಡ್ ತಾನೇ ನುಡಿಸುವ ಹಿನ್ನೆಲೆ) ಓಡಿಸುತ್ತಾ ರೆಕಾರ್ಡ್ ಮಾಡಿದರೆ ಡ್ರಮ್, ಬೇಸ್, ಕಾರ್ಡ್ ಎಲ್ಲವೂ ಬೇರೆ ಬೇರೆ ಚಾನೆಲ್‌ನಲ್ಲಿ (ಮಿಡಿಯೊಳಗಿನ ಬೇರೆ ಬೇರೆ ದಾರಿಯಲ್ಲಿ) ಹೊರಗೆ ಬರಬಹುದು. ಆಪ್ ಎಲ್ಲವನ್ನೂ ಒಂದೇ ಟ್ರ್ಯಾಕ್‌ಗೆ ತುಂಬಿಕೊಂಡರೆ ಡ್ರಮ್ಮಿನ ಪೆಟ್ಟೆಲ್ಲ ಪಿಯಾನೋದಲ್ಲಿ ಟಣಟಣ ಅನ್ನುತ್ತದೆ. ರೆಕಾರ್ಡ್ ಮಾಡುವಾಗ ಸ್ಟೈಲ್ ನಿಲ್ಲಿಸಿ.

ಒತ್ತಿದ ಮೇಲೆ ಸ್ವಲ್ಪ ಹೊತ್ತಿಗೆ ಸದ್ದು ಬರುತ್ತದೆ. ಯಾಕೆ?

ನೂರಕ್ಕೆ ತೊಂಬತ್ತು ಸಲ ಬ್ಲೂಟೂತ್ ಇಯರ್‌ಫೋನ್. ಅದರಲ್ಲಿ 100ರಿಂದ 200 ಮಿಲಿಸೆಕೆಂಡ್ ತಡ ಮಾಮೂಲಿ. ಸಿನಿಮಾ ನೋಡಲು ಪರವಾಗಿಲ್ಲ, ನುಡಿಸಲು ಆಗುವುದೇ ಇಲ್ಲ. ವೈರ್ ಇರುವ ಇಯರ್‌ಫೋನ್ ಹಾಕಿ. ಆಮೇಲೂ ತಡ ಅನಿಸಿದರೆ ಆಪ್‌ನ ಸೆಟ್ಟಿಂಗ್‌ನಲ್ಲಿ ಬಫರ್ (ಸದ್ದನ್ನು ಹೊರಗೆ ಬಿಡುವ ಮುಂಚೆ ಕೂಡಿಡುವ ಅಳತೆ) ಇಳಿಸಿ. 256 ಸ್ಯಾಂಪಲ್ ಅಂದರೆ ಸುಮಾರು 6 ಮಿಲಿಸೆಕೆಂಡ್, ಕಿವಿಗೆ ಗೊತ್ತಾಗುವುದಿಲ್ಲ. ತೀರ ಇಳಿಸಿದರೆ ಚಟಪಟ ಸದ್ದು ಬರುತ್ತದೆ, ಆಗ ಒಂದು ಮೆಟ್ಟಿಲು ಮೇಲೆ ಹೋಗಿ.

ಎಂಟು ಬಾರ್ ಆದ ತಕ್ಷಣ ರೆಕಾರ್ಡಿಂಗ್ ಮೊದಲಿಗೆ ಹೋಗುತ್ತದೆ. ಚರಣ ನುಡಿಸಲು ಬಿಡುವುದೇ ಇಲ್ಲ!

ಗ್ಯಾರೇಜ್‌ಬ್ಯಾಂಡ್ ಹಿಡಿದವರೆಲ್ಲ ಮೊದಲ ದಿನ ಇಲ್ಲೇ ಮುಗ್ಗರಿಸುತ್ತಾರೆ. ಅದು ಹಾಡನ್ನು ಭಾಗಗಳಾಗಿ ನೋಡುತ್ತದೆ, ಒಂದು ಭಾಗಕ್ಕೆ ತಾನಾಗಿ 8 ಬಾರ್ (ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ) ಇಟ್ಟಿರುತ್ತದೆ. ಬಾರ್ ಸಂಖ್ಯೆ ಕಾಣುವ ಪಟ್ಟಿಯ ಬಲತುದಿಯ ಕೂಡುವ ಗುರುತು ಒತ್ತಿ, ಆ ಭಾಗ ತೆರೆದು ಉದ್ದವನ್ನು 'ಆಟೋಮ್ಯಾಟಿಕ್' ಮಾಡಿ. ಇನ್ನು ನಿಮಗೆ ಬೇಕಾದಷ್ಟು ನುಡಿಸಬಹುದು.

ನಾನಂತೂ ಪಲ್ಲವಿ, ಬಿಜಿಎಂ (ಹಾಡಿನ ನಡುವಿನ ವಾದ್ಯಸಂಗೀತ), ಚರಣ ಅಂತ ಬೇರೆ ಬೇರೆ ಭಾಗ ಮಾಡಿಕೊಳ್ಳುತ್ತೇನೆ. ಗಾಯಕರು ಕೊನೇ ಗಳಿಗೆಯಲ್ಲಿ 'ಎರಡನೇ ಚರಣ ಬೇಡ' ಅಂದರೆ ಒಂದು ಭಾಗ ಅಳಿಸಿದರೆ ಆಯಿತು.

ಎಡಿಟರ್ ತೆರೆದರೆ ಬರೀ ಅಡ್ಡಪಟ್ಟಿಗಳು. ಓದುವುದು ಹೇಗೆ?

ಎಡಗಡೆ ನಿಂತಿರುವುದು ಕೀಬೋರ್ಡೇ, ಮಲಗಿಸುವ ಬದಲು ನಿಲ್ಲಿಸಿದ್ದಾರೆ. ಪಟ್ಟಿ ಮೇಲಿದ್ದಷ್ಟೂ ಸ್ವರ ಮೇಲು, ಉದ್ದವಾದಷ್ಟೂ ಹಿಡಿದ ಹೊತ್ತು ಜಾಸ್ತಿ. ಸ್ವರಗಳಿಗೆ 0ರಿಂದ 127ರ ತನಕ ನಂಬರ್ ಇದೆ. ಕೀಬೋರ್ಡಿನ ಮಧ್ಯದ ಸಿ ಅಂದರೆ 60. ಇದನ್ನೇ ಕೆಲವು ಕಂಪನಿಯವರು ಸಿ3 ಅನ್ನುತ್ತಾರೆ, ಕೆಲವರು ಸಿ4 ಅನ್ನುತ್ತಾರೆ. ಗೆಳೆಯ ಹೇಳಿದ ಸ್ವರ ನಿಮ್ಮಲ್ಲಿ ಒಂದು ಸ್ಥಾಯಿ ಆಚೀಚೆ ಕಂಡರೆ ಜಗಳ ಬೇಡ, ನಂಬರ್ ಕೇಳಿ.

ತಿದ್ದುವ ಮೊದಲು ಎರಡು ಬೆರಳಿನಿಂದ ಹಿಗ್ಗಿಸಿ, ಒಂದು ಪರದೆಯಲ್ಲಿ ಎರಡೇ ಬಾರ್ ಕಾಣುವಷ್ಟು. ಚಿಕ್ಕದಾಗಿ ಇಟ್ಟುಕೊಂಡರೆ ಬೆರಳು ಒಂದನ್ನು ಮುಟ್ಟಲು ಹೋಗಿ ಮೂರನ್ನು ಎಳೆಯುತ್ತದೆ. ಹೊಸ ಸ್ವರ ಸೇರಿಸಲು ಪೆನ್ಸಿಲ್ ಗುರುತು. ಕೆಲಸವಾದ ಕೂಡಲೇ ಪೆನ್ಸಿಲ್ ಆಫ್ ಮಾಡಿ. ಇಲ್ಲದಿದ್ದರೆ ಸರಿಸಲು ಹೋದ ಕಡೆಯೆಲ್ಲ ಹೊಸ ಸ್ವರ ಬಿತ್ತಿಕೊಂಡು ಹೋಗುತ್ತೀರಿ. ಎಲ್ಲಿಂದಲೋ ಒಂದು ಅಪಸ್ವರ ಬರುತ್ತಿದೆ, ಯಾವ ಟ್ರ್ಯಾಕ್ ಗೊತ್ತಾಗುತ್ತಿಲ್ಲ ಅನ್ನುವವರದ್ದು ಹೆಚ್ಚಾಗಿ ಇದೇ ಕಥೆ.

ಕ್ವಾಂಟೈಸ್ ಮಾಡಿದರೆ ಲಯ ಸರಿಹೋಗುತ್ತದೆ ಅಂತಾರೆ. ಎಲ್ಲದಕ್ಕೂ ಹಾಕಿಬಿಡಲಾ?

ಬೇಡ. ಕ್ವಾಂಟೈಸ್ ಪ್ರತಿ ಸ್ವರವನ್ನೂ ಹತ್ತಿರದ ಗೆರೆಗೆ, ಅಂದರೆ ಬೀಟನ್ನು ಸಮಭಾಗ ಮಾಡಿದ ಗುರುತಿಗೆ, ಎಳೆದು ಕೂರಿಸುತ್ತದೆ. ಆ ಸ್ವರ ಬೇಕೆಂದೇ ಸ್ವಲ್ಪ ಮುಂಚೆ ಬಂದದ್ದೋ, ಕೈತಪ್ಪಿ ಬಂದದ್ದೋ ಅದಕ್ಕೆ ಗೊತ್ತಿಲ್ಲ.

ಒಬ್ಬ ಹುಡುಗಿ ಭಾವಗೀತೆಯೊಂದರ ಕೊಳಲಿನ ಬಿಜಿಎಂ ಚೆನ್ನಾಗಿ ನುಡಿಸಿದ್ದಳು. ಮನೆಗೆ ಹೋಗಿ 1/16 ಕ್ವಾಂಟೈಸ್ (ಒಂದು ಬೀಟ್‌ಗೆ ನಾಲ್ಕು ಗೆರೆ) ಹಾಕಿ ಕಳಿಸಿದಳು. 'ಸರ್, ಏನೋ ಒಂಥರಾ ಒಡೆದ ಹಾಗೆ ಕೇಳ್ತಿದೆ' ಅಂದಳು. ತೆರೆದು ನೋಡಿದರೆ ಹೀಗಿತ್ತು. ಹಾಡಿನ ಟೆಂಪೋ 80, ನಿಮಿಷಕ್ಕೆ 80 ಬೀಟ್. ಅಂದರೆ ಒಂದು ಬೀಟ್‌ಗೆ 750 ಮಿಲಿಸೆಕೆಂಡ್, ಗೆರೆಯಿಂದ ಗೆರೆಗೆ ಸುಮಾರು 187. ಪ ಹಿಡಿಯುವ ಮುಂಚೆ ಮ ಅನ್ನು ಚೂರು ಸೋಕಿಸಿ ಹೋಗಿದ್ದಳು, ಸುಮಾರು 60 ಮಿಲಿಸೆಕೆಂಡ್ ಮೊದಲು. ಆ 'ಮ' ಸ್ವರಕ್ಕೆ ಹತ್ತಿರದ ಗೆರೆ ಯಾವುದು? ಪ ಕೂತಿದ್ದ ಗೆರೆಯೇ. ಎರಡೂ ಒಟ್ಟಿಗೆ ಬಡಿದವು. ಸೊಗಸು ಅಂತ ಹಾಕಿದ ಸ್ವರ ಅಪಸ್ವರವಾಯಿತು.

ಗ್ಯಾರೇಜ್‌ಬ್ಯಾಂಡ್‌ನಲ್ಲಿ ಕ್ವಾಂಟೈಸ್ ಇಡೀ ಟ್ರ್ಯಾಕ್‌ಗೆ ಬೀಳುತ್ತದೆ. ಹಾಗಾಗಿ ಬೇಸ್, ಡ್ರಮ್ಮಿಗೆ ಹಾಕಿ. ಕೊಳಲು, ಪಿಟೀಲು, ವೀಣೆಯ ಟ್ರ್ಯಾಕ್‌ಗೆ ಹಾಕಬೇಡಿ, ನಿಜವಾಗಿ ತಪ್ಪಿದ ನಾಲ್ಕು ಸ್ವರವನ್ನು ಕೈಯಲ್ಲೇ ಸರಿಸಿ. ಕ್ಯೂಬೇಸಿಸ್‌ನಂಥ ಕಡೆ ಆಯ್ದ ಸ್ವರಗಳಿಗಷ್ಟೇ ಹಾಕಬಹುದು. ಜಾನಪದದ ತೂಗುವ ಲಯಕ್ಕೆ ನೇರ 1/16 ಹಾಕಿದರೆ ಕುಣಿತವೇ ಹೋಗಿ ಕವಾಯತು ಆಗುತ್ತದೆ. ಅಲ್ಲಿ ಟ್ರಿಪ್ಲೆಟ್ (ಮೂರು ಮೂರಾಗಿ ಪಾಲು ಮಾಡುವುದು) ಅಥವಾ ಸ್ವಿಂಗ್ (ತೂಗುವ ಪಾಲು) ಪ್ರಯತ್ನಿಸಿ.

ಎಲ್ಲಾ ಸರಿ ಇದೆ, ಆದರೂ ಆಟಿಕೆ ಕೀಬೋರ್ಡ್ ತರಹ ಕೇಳುತ್ತದೆ.

ವೆಲಾಸಿಟಿ ನೋಡಿ. ಎಷ್ಟು ಜೋರಾಗಿ ಒತ್ತಿದಿರಿ ಎಂಬ ಲೆಕ್ಕ ಅದು, 1ರಿಂದ 127. ಪೆನ್ಸಿಲ್‌ನಲ್ಲಿ ಹಾಕಿದ ಸ್ವರಗಳೆಲ್ಲ ಒಂದೇ ನಂಬರ್‌ನಲ್ಲಿ ಬರುತ್ತವೆ. ಮನುಷ್ಯರ ಕೈ ಹಾಗೆ ನುಡಿಸುವುದಿಲ್ಲ. ರಿದಂ ಟ್ರ್ಯಾಕ್‌ನಲ್ಲಿ ನಾನು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) 105ರ ಸುತ್ತ, ಉಳಿದ ಪೆಟ್ಟಿಗೆ 80, ನಡುವಿನ ಸಣ್ಣ ಪೆಟ್ಟಿಗೆ 55–60 ಇಡುತ್ತೇನೆ. ಇದು ನನ್ನ ಅಳತೆ, ನಿಮ್ಮ ಕಿವಿಯದು ಬೇರೆ ಇರಬಹುದು. ಹತ್ತು ನಿಮಿಷದ ಕೆಲಸ, ಇಡೀ ಹಾಡು ಎದ್ದು ಕೂರುತ್ತದೆ.

ಮಿಶ್ರಛಾಪು ಹಾಡು ಮಾಡಬೇಕು. ಗ್ಯಾರೇಜ್‌ಬ್ಯಾಂಡ್‌ನಲ್ಲಿ ಏಳು ಸಿಗುವುದೇ ಇಲ್ಲ.

ಐಪ್ಯಾಡ್ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಇರುವುದು 4/4, 3/4, 6/8 ಮಾತ್ರ. ಆದಿತಾಳಕ್ಕೆ ತೊಂದರೆ ಇಲ್ಲ, ರೂಪಕಕ್ಕೆ 3/4 ಆಗುತ್ತದೆ, ದಾದ್ರಾಕ್ಕೆ 6/8. ಏಳು ಅಕ್ಷರದ ಮಿಶ್ರಛಾಪು, ಐದರ ಖಂಡಛಾಪು ಬಂದರೆ ಲೆಕ್ಕ ಹಾಕಬೇಕು.

ನಾಲ್ಕು ಆವರ್ತ ಮಿಶ್ರಛಾಪು ಅಂದರೆ 28 ಅಕ್ಷರ. 4/4ರ ಏಳು ಬಾರ್ ಅಂದರೂ 28. ಹಾಗಾಗಿ ಭಾಗದ ಉದ್ದವನ್ನು 7 ಬಾರ್ ಇಡಿ, ನಾಲ್ಕು ಆವರ್ತ ಕರಾರುವಾಕ್ಕಾಗಿ ಕೂರುತ್ತದೆ, ಸುತ್ತಿ ಬಂದಾಗ ಸಮವೂ ಸರಿಯಾಗಿ ಬೀಳುತ್ತದೆ. ಖಂಡಛಾಪಿಗೆ ಇದೇ ಲೆಕ್ಕದಲ್ಲಿ 5 ಬಾರ್.

ಮೆಟ್ರೋನೋಮ್ ಮಾತ್ರ ಆಫ್ ಮಾಡಿ. ಅದು ನಾಲ್ಕು ನಾಲ್ಕಕ್ಕೆ ಒತ್ತು ಕೊಡುತ್ತಾ ತಲೆ ಕೆಡಿಸುತ್ತದೆ. ಬದಲಿಗೆ ಮರದ ಕಟ್ಟಿಗೆ ಸದ್ದಿನ ಒಂದು ಟ್ರ್ಯಾಕ್ ಮಾಡಿ, ಪ್ರತಿ ಏಳರಲ್ಲಿ 1, 4, 6ನೇ ಅಕ್ಷರದ ಮೇಲೆ ಪೆನ್ಸಿಲ್‌ನಲ್ಲಿ ಪೆಟ್ಟು ಹಾಕಿ. ತಕಿಟ ತಕಧಿಮಿ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಹಾಕಿದರೆ ತಪ್ಪುವುದಿಲ್ಲ. ಎಲ್ಲ ಮುಗಿದ ಮೇಲೆ ಆ ಟ್ರ್ಯಾಕ್ ಮ್ಯೂಟ್ ಮಾಡಿ.

ಗಮಕ ಮಿಡಿಯಲ್ಲಿ ಬರುತ್ತದೆಯೇ?

ಬರುತ್ತದೆ, ಆದರೆ ಸ್ವರದ ಪಟ್ಟಿಯಲ್ಲಿ ಅಲ್ಲ. ಪಟ್ಟಿಗಳು ಮೆಟ್ಟಿಲು ಇದ್ದ ಹಾಗೆ, ಗಮಕ ಜಾರುಬಂಡೆ. ಅದಕ್ಕೆ ಪಿಚ್ ಬೆಂಡ್ ಬೇಕು. ಕೀಬೋರ್ಡಿನ ಎಡಗಡೆ ಇರುವ ಚಕ್ರ ಅದೇ. ಒಟ್ಟು 16,384 ಹೆಜ್ಜೆ ಇರುವುದರಿಂದ ಜಾರು ನುಣ್ಣಗೆ ಬರುತ್ತದೆ. ಸಾಮಾನ್ಯವಾಗಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧಸ್ವರ ಹೋಗುತ್ತದೆ.

ತೋಡಿಯ ಗಾಂಧಾರ ತಗೊಳ್ಳಿ. ಹಾಡುವವರು ಅದನ್ನು ರಿ ಮತ್ತು ಮ ನಡುವೆ ತೂಗುತ್ತಾರೆ. ಸಿ ಶ್ರುತಿಯಲ್ಲಿ ಆ ಗ ಅಂದರೆ ಡಿ ಶಾರ್ಪ್. ಅಲ್ಲಿಂದ ಎರಡು ಮನೆ ಕೆಳಗೆ ಸಿ ಶಾರ್ಪ್, ಅದೇ ರಿ. ಎರಡು ಮನೆ ಮೇಲೆ ಎಫ್, ಅದೇ ಮ. ನೋಡಿ, ಚಕ್ರ ಎಷ್ಟು ಹೋಗುತ್ತದೋ ಅಷ್ಟೇ ಬೇಕಾಗಿರುವುದು! ಗ ಒಂದನ್ನೇ ಒತ್ತಿ ಹಿಡಿದು ಚಕ್ರವನ್ನು ಆಡಿಸಿ. ಮೂರು ಬೇರೆ ಸ್ವರ ಒತ್ತಬೇಡಿ. ಮೊದಲ ದಿನ ಪೊಲೀಸ್ ಸೈರನ್ ತರಹ ಕೇಳುತ್ತದೆ, ನನಗೂ ಹಾಗೇ ಆಗಿತ್ತು. ಒಂದೇ ವೇಗದಲ್ಲಿ ಆಡಿಸುವುದೇ ಅದಕ್ಕೆ ಕಾರಣ.

ಇನ್ನೊಂದು ಮಾತು. ಪಿಚ್ ಬೆಂಡ್ ಇಡೀ ಚಾನೆಲ್‌ಗೆ ತಾಗುತ್ತದೆ. ಅದೇ ಟ್ರ್ಯಾಕ್‌ನಲ್ಲಿ ಸ–ಪ ಶ್ರುತಿ ಹಿಡಿದಿದ್ದರೆ ಅದೂ ಜಾರುತ್ತದೆ. ರಾಗದ ಟ್ರ್ಯಾಕ್ ಬೇರೆಯೇ ಇರಲಿ. ಬಿದ್ದ ಬೆಂಡ್ ಗೆರೆಯನ್ನು ಆಮೇಲೆ ತಿದ್ದಬೇಕು ಅಂದರೆ ಕ್ಯೂಬೇಸಿಸ್‌ನಂಥ ಆಪ್ ಬೇಕಾಗುತ್ತದೆ.

ಗಾಯಕಿಗೆ ಶ್ರುತಿ ಬದಲಿಸಬೇಕು. ಇಡೀ ಹಾಡು ಆಯ್ದು ಮೇಲೆ ಏರಿಸಿದೆ, ಡ್ರಮ್ ಹುಚ್ಚು ಹಿಡಿದ ಹಾಗೆ ಆಯಿತು!

ನಗಬಾರದು, ಆದರೆ ಇದು ನನಗೂ ಕಾರ್ಯಕ್ರಮದ ಹಿಂದಿನ ರಾತ್ರಿ ಆಗಿದೆ. ಡ್ರಮ್ ಟ್ರ್ಯಾಕ್‌ನಲ್ಲಿ ಸ್ವರದ ನಂಬರ್ ಅಂದರೆ ಸ್ವರ ಅಲ್ಲ, ವಾದ್ಯ. ಜನರಲ್ ಮಿಡಿ (ಯಾವ ನಂಬರಿಗೆ ಯಾವ ವಾದ್ಯ ಅನ್ನುವ ಸಾಮಾನ್ಯ) ಪಟ್ಟಿಯಲ್ಲಿ 36 ಕಿಕ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್. ಎಲ್ಲವನ್ನೂ ಒಂದು ಮನೆ ಏರಿಸಿದಿರಿ ಅನ್ನಿ. ಕಿಕ್ ಹೋಗಿ ಸ್ನೇರ್‌ನ ಅಂಚಿಗೆ ಕೋಲು ತಾಗಿಸಿದ ಸದ್ದು, ಸ್ನೇರ್ ಹೋಗಿ ಚಪ್ಪಾಳೆ, ಹೈಹ್ಯಾಟ್ ಹೋಗಿ ಫ್ಲೋರ್ ಟಾಮ್.

ಡ್ರಮ್ ಬಿಟ್ಟು ಉಳಿದ ಟ್ರ್ಯಾಕ್‌ಗಳನ್ನು ಮಾತ್ರ ಏರಿಸಿ. ಬಿಳಿ ಒಂದರಿಂದ (ಸಿ) ಕಪ್ಪು ನಾಲ್ಕಕ್ಕೆ (ಜಿ ಶಾರ್ಪ್) ಹೋಗಬೇಕಾದರೆ 8 ಮನೆ ಮೇಲೆ ಅಥವಾ 4 ಮನೆ ಕೆಳಗೆ. ಬೇಸ್ ಮತ್ತು ಪ್ಯಾಡ್ (ಹಿಂದೆ ಉದ್ದಕ್ಕೂ ನಿಲ್ಲುವ ಸದ್ದು) ಅನ್ನು 4 ಕೆಳಗೆ ತಂದರೆ ಸದ್ದು ಗಟ್ಟಿಯಾಗಿರುತ್ತದೆ. ಎಂಟು ಮನೆ ಏರಿಸಿದ ಬೇಸ್ ಬೇಸ್ ಅನಿಸುವುದೇ ಇಲ್ಲ.

ಒಂದು ಸ್ವರ ನಿಲ್ಲುವುದೇ ಇಲ್ಲ, ಕೊಂಯ್ ಅಂತ ಇದೆ.

ಒತ್ತಿದ ಸಂದೇಶ ಬಂದಿದೆ, ಬಿಟ್ಟ ಸಂದೇಶ ಬಂದಿಲ್ಲ. ಅಥವಾ ಸಸ್ಟೇನ್ ಪೆಡಲ್ ಒತ್ತಿದ್ದು ದಾಖಲಾಗಿದೆ, ಎತ್ತಿದ್ದು ಆಗಿಲ್ಲ. ಪ್ಲೇ ನಿಲ್ಲಿಸಿ ಮತ್ತೆ ಶುರು ಮಾಡಿ. ಪೆಡಲ್ ಒಮ್ಮೆ ಒತ್ತಿ ಬಿಡಿ. ಮತ್ತೆ ಅದೇ ಜಾಗದಲ್ಲಿ ಬಂದರೆ ಎಡಿಟರ್‌ನಲ್ಲಿ 64ನೇ ಕಂಟ್ರೋಲರ್ ನೋಡಿ, ಪೆಡಲ್ ಅಂದರೆ ಅದು. ಕೊನೆಗೆ ಒಂದು ಸೊನ್ನೆ ಹಾಕಿದರೆ ನಿಲ್ಲುತ್ತದೆ.

ಹದಿನೈದು ಟ್ರ್ಯಾಕ್ ಆಗಿದೆ. ಯಾವುದು ಎಲ್ಲಿದೆ ಗೊತ್ತಾಗುತ್ತಿಲ್ಲ.

ಹೆಸರು ಇಡಿ. 'ಸ್ಟ್ರಿಂಗ್ಸ್ 3' ಅಲ್ಲ, 'ಚರಣದ ಹಿಂದೆ ಪಿಟೀಲು' ಅಂತ ಇಡಿ. ಆಪ್‌ನೊಳಗೆ ಕನ್ನಡದಲ್ಲೇ ಬರೆಯಬಹುದು. ಮಿಡಿ ಫೈಲ್ ಮಾಡಿ ಹೊರಗೆ ಕಳಿಸುವಾಗ ಮಾತ್ರ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ, ಕೆಲವು ಕಡೆ ಕನ್ನಡ ಚೌಕಚೌಕವಾಗಿ ಕಾಣುತ್ತದೆ.

ಮೇಲಿಂದ ಕೆಳಗೆ ಒಂದೇ ಕ್ರಮ ಇಟ್ಟುಕೊಳ್ಳಿ. ನನ್ನದು ರಿದಂ, ಬೇಸ್, ಕಾರ್ಡ್, ಬಿಜಿಎಂ ವಾದ್ಯಗಳು, ಕೊನೆಗೆ ಹಾಡಿನ ಧಾಟಿ. ಎಲ್ಲ ಹಾಡಿಗೂ ಅದೇ. ಕತ್ತಲೆ ವೇದಿಕೆಯಲ್ಲೂ ಬೆರಳಿಗೆ ಜಾಗ ಗೊತ್ತಿರುತ್ತದೆ. ಮತ್ತೆ, ಯಾವುದೇ ದೊಡ್ಡ ತಿದ್ದುಪಡಿ ಮಾಡುವ ಮುಂಚೆ ಆ ಟ್ರ್ಯಾಕ್ ನಕಲು ಮಾಡಿ, ಹಳೆಯದನ್ನು ಮ್ಯೂಟ್ ಮಾಡಿಡಿ. ಅನ್‌ಡೂ ಒತ್ತಿದರೆ ಆಯ್ತಲ್ಲ ಅನ್ನಬೇಡಿ. ನಿನ್ನೆಯದೇ ಚೆನ್ನಾಗಿತ್ತು ಅಂತ ಅನಿಸುವುದು ಯಾವಾಗಲೂ ಮಾರನೇ ದಿನ.

ನಾನು ವೀಣೆ ಹಾಕಿ ಕಳಿಸಿದೆ, ಗೆಳೆಯನಿಗೆ ಪಿಯಾನೋ ಕೇಳಿಸಿತಂತೆ.

ಮೊದಲ ಉತ್ತರಕ್ಕೇ ವಾಪಸ್ ಬಂದೆವು. ನೀವು ಕಳಿಸಿದ್ದು ಸೂಚನೆ, ವೀಣೆಯನ್ನಲ್ಲ. 1991ರಲ್ಲಿ ಬಂದ ಜನರಲ್ ಮಿಡಿ ಪಟ್ಟಿಯಲ್ಲಿ 128 ವಾದ್ಯಗಳಿವೆ. ಸಿತಾರ್ 105ನೇದು, ಶಹನಾಯಿ 112ನೇದು. ವೀಣೆ, ಮೃದಂಗ, ತಬಲಾ ಇಲ್ಲ. ಹಾರ್ಮೋನಿಯಂಗೆ ಹತ್ತಿರದ್ದು 21ನೇ ರೀಡ್ ಆರ್ಗನ್. ಅವರು ಕೇಳಲಷ್ಟೇ ಬೇಕಾದರೆ ಆಡಿಯೋ ಕಳಿಸಿ. ಅವರು ತಿದ್ದಬೇಕಾದರೆ ಮಿಡಿ ಕಳಿಸಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ. ಯಾವ ಟ್ರ್ಯಾಕ್‌ಗೆ ಯಾವ ವಾದ್ಯ ಅಂತ ಒಂದು ಸಾಲು ಬರೆಯಿರಿ.

ಐಪ್ಯಾಡ್ ಗ್ಯಾರೇಜ್‌ಬ್ಯಾಂಡ್‌ಗೆ ಮಿಡಿ ಫೈಲ್ ಒಳಗೆ ತರಬಹುದು, ಲೂಪ್ ಪಟ್ಟಿಯ 'ಫೈಲ್ಸ್' ಭಾಗದಿಂದ ಎಳೆದು ಹಾಕಿದರೆ ಸಾಕು. ಆದರೆ ಮಿಡಿಯಾಗಿ ಹೊರಗೆ ಕೊಡಲು ನೇರ ದಾರಿ ಇಲ್ಲ. ನನಗೆ ಅದರ ಮೇಲಿರುವ ದೊಡ್ಡ ಸಿಟ್ಟು ಇದೇ. ಹಂಚಿಕೊಳ್ಳುವ ಕೆಲಸ ಜಾಸ್ತಿ ಇರುವವರು ಕ್ಯೂಬೇಸಿಸ್ ಅಥವಾ ಎಫ್ಎಲ್ ಸ್ಟುಡಿಯೋ ಮೊಬೈಲ್ ಕಡೆ ಹೋಗುವುದು ಅದಕ್ಕೇ.

ನೆಟ್‌ನಲ್ಲಿ ಸಿಗುವ ಸಿನಿಮಾ ಹಾಡಿನ ಮಿಡಿ ಬಳಸಬಹುದಾ?

ಮನೆಯಲ್ಲಿ ಬಿಚ್ಚಿ ನೋಡಿ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಬೇಸ್ ಒಂದನ್ನೇ ಸೋಲೋ ಮಾಡಿ ಕೇಳಿ, ಎಷ್ಟೋ ಗೊತ್ತಾಗುತ್ತದೆ. ಅದನ್ನೇ ಯೂಟ್ಯೂಬ್‌ಗೆ ಹಾಕುವುದು, ಮಾರುವುದು ಬೇರೆ ಮಾತು. ರೆಕಾರ್ಡಿಂಗ್‌ಗೆ ಬೇರೆ, ರಾಗ ಸಂಯೋಜನೆಗೆ ಬೇರೆ ಹಕ್ಕು ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸಂಯೋಜಕರ ಕಾಲಾನಂತರವೂ 60 ವರ್ಷ ಅದು ಉಳಿಯುತ್ತದೆ. 'ನಾನೇ ನುಡಿಸಿದ್ದು' ಅಂದರೂ ಧಾಟಿ ನಿಮ್ಮದಾಗುವುದಿಲ್ಲ.

ಬ್ಯಾಕಪ್ ಬೇಕಾ? ಟ್ಯಾಬ್ಲೆಟ್‌ನಲ್ಲೇ ಇದೆಯಲ್ಲ?

ಒಮ್ಮೆ ಟ್ಯಾಬ್ಲೆಟ್ ತುಂಬಿತು. ಜಾಗ ಮಾಡೋಣ ಅಂತ ಆಗ ಬಳಸುತ್ತಿದ್ದ ಆಪ್ ಒಂದನ್ನು ತೆಗೆದೆ, ಆಮೇಲೆ ಮತ್ತೆ ಹಾಕಿಕೊಂಡರಾಯಿತು ಅಂದುಕೊಂಡೆ. ಆಪ್ ವಾಪಸ್ ಬಂತು. ಒಳಗಿದ್ದ ಇಪ್ಪತ್ತಮೂರು ಹಾಡು ಬರಲಿಲ್ಲ. ತಪ್ಪು ನನ್ನದೇ, ತೆಗೆಯುವಾಗ ಅದು ಎಚ್ಚರಿಸಿತ್ತು, ನಾನು ಓದಲಿಲ್ಲ.

ಈಗ ಪ್ರತಿ ಭಾನುವಾರ ಮೂರು ಥರ ಇಡುತ್ತೇನೆ: ಆಪ್‌ನ ಪ್ರಾಜೆಕ್ಟ್ ಕ್ಲೌಡ್‌ನಲ್ಲಿ, ಮಿಡಿ ಮಾಡಲು ಬಂದರೆ ಮಿಡಿ, ಜೊತೆಗೆ ಒಂದು ಆಡಿಯೋ. ಫೈಲ್ ಹೆಸರಲ್ಲಿ ಹಾಡು, ಶ್ರುತಿ, ಟೆಂಪೋ ಮೂರೂ ಇರುತ್ತವೆ. 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಅಂತ ಇಟ್ಟವರ ಪಾಡು ನಿಮಗೇ ಗೊತ್ತು.

ಕಾರ್ಯಕ್ರಮದಲ್ಲಿ ಟ್ಯಾಬ್ಲೆಟ್‌ನಿಂದಲೇ ಮಿಡಿ ಓಡಿಸಬಹುದಾ?

ಓಡಿಸಬಹುದು, ನಾನು ಓಡಿಸುವುದಿಲ್ಲ. ಮಿಡಿಯಾದರೆ ಆ ಕ್ಷಣದಲ್ಲಿ ಹದಿನೈದು ವಾದ್ಯವನ್ನು ಟ್ಯಾಬ್ಲೆಟ್ ಲೆಕ್ಕ ಹಾಕಿ ನುಡಿಸಬೇಕು. ಬಿಸಿಲಲ್ಲಿ ಕಾದಿದ್ದರೆ ಎಡವುತ್ತದೆ. ಮನೆಯಲ್ಲೇ ಆಡಿಯೋ ಮಾಡಿಕೊಂಡು ಹೋಗಿ, ಮೂಲ ಪ್ರಾಜೆಕ್ಟ್ ಜೊತೆಗಿರಲಿ. ವೇದಿಕೆ ಹತ್ತುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ. ಪಲ್ಲವಿ ನಡುವೆ ಅತ್ತಿಗೆಯ ವಿಡಿಯೋ ಕಾಲ್ ಸ್ಪೀಕರ್‌ನಲ್ಲಿ ಮೊಳಗಿದ್ದನ್ನು ನಮ್ಮ ತಂಡದವರು ಇನ್ನೂ ಮರೆತಿಲ್ಲ.